ಮನೆ ಆರೈಕೆಯ ಗುಣಮಟ್ಟ: ಇನ್ನು ಫೋನಿನಲ್ಲಿ ಅಂಕ ಕೇಳುವುದಿಲ್ಲ, ಮನೆಗೇ ಬಂದು ನೋಡುತ್ತೇವೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ಪ್ರತಿ ತಿಂಗಳ ಕೊನೆಗೆ ನಮ್ಮ ಕಚೇರಿಯಿಂದ ನಿಮಗೊಂದು ಫೋನ್ ಬರುತ್ತಿತ್ತು: "ಸೇವೆ ಹೇಗಿದೆ, ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ?" ಮುಂದಿನ ತಿಂಗಳಿನಿಂದ ಆ ಫೋನ್ ಬರುವುದಿಲ್ಲ. ಅದರ ಬದಲು ಮೂರು ತಿಂಗಳಿಗೊಮ್ಮೆ ನಮ್ಮ ನರ್ಸ್ ಒಬ್ಬರು ಮನೆಗೆ ಬಂದು, ಸುಮಾರು ಒಂದು ಗಂಟೆ ಇದ್ದು, ಆರೈಕೆ ಪಡೆಯುತ್ತಿರುವವರನ್ನೇ ನೋಡಿ, ಮಾತಾಡಿಸಿ ಹೋಗುತ್ತಾರೆ. ಇದಕ್ಕೆ ಬೇರೆ ಶುಲ್ಕವಿಲ್ಲ.

ಫೋನಿನಲ್ಲಿ ಸಿಗುತ್ತಿದ್ದ ಉತ್ತರ ಹೆಚ್ಚಾಗಿ ಒಂದೇ. "ಚೆನ್ನಾಗಿದೆ, ಐದು ಹಾಕಿಕೊಳ್ಳಿ." ಅದು ಸುಳ್ಳೇನಲ್ಲ. ಆದರೆ ಅಂಕ ಕೊಡುತ್ತಿದ್ದವರು ಬಹುಪಾಲು ಮಗ, ಮಗಳು, ಸೊಸೆ. ಹಗಲು ಹೊತ್ತು ಕೆಲಸಕ್ಕೆ ಹೋಗುವವರಿಗೆ ಕಾಣುವುದು ನೋಡಿಕೊಳ್ಳುವವರು ಸಮಯಕ್ಕೆ ಬಂದರೇ, ಮಾತು ಮೆತ್ತಗಿದೆಯೇ, ಕೋಣೆ ಚೊಕ್ಕಟವಾಗಿದೆಯೇ ಎಂಬುದಷ್ಟೆ. ಇನ್ನು ಹಾಸಿಗೆಯಲ್ಲಿರುವವರನ್ನೇ ಕೇಳಿದರೆ ಅವರೂ "ಪರವಾಗಿಲ್ಲ" ಎನ್ನುತ್ತಾರೆ. ನಾಳೆ ಬೆಳಗ್ಗೆ ಸ್ನಾನ ಮಾಡಿಸಲು ಬರುವುದು ಅದೇ ಕೈ ತಾನೇ? ದೂರು ಹೇಳಿದರೆ ಆ ಕೈ ಒರಟಾದೀತೆಂಬ ಅಳುಕು, ಇವರೂ ಬಿಟ್ಟುಹೋದರೆ ಮುಂದೇನು ಎಂಬ ದಿಗಿಲು. ಬೇರೆಯವರ ಕೈ ನೋಡಿ ಬದುಕಬೇಕಾದವರ ಬಾಯಿಂದ ಫೋನಿನಲ್ಲಿ ನಿಜ ಹೊರಡಿಸುವುದು ಸುಲಭವಲ್ಲ.

ಆರೈಕೆಯ ಗುಣಮಟ್ಟ ಅಳೆಯುವವರು ಮೂರು ಕಡೆ ಕಣ್ಣಿಡಬೇಕೆಂದು ಅವೆಡಿಸ್ ಡೊನಾಬೇಡಿಯನ್ ಎಂಬ ವೈದ್ಯರು 1966ರಲ್ಲೇ ಬರೆದಿದ್ದರು: ಏನೇನು ವ್ಯವಸ್ಥೆ ಇದೆ, ಕೆಲಸ ಹೇಗೆ ನಡೆಯುತ್ತದೆ, ಕೊನೆಗೆ ಆ ವ್ಯಕ್ತಿಗೆ ಏನಾಯಿತು. ನಮ್ಮ ಸಿಬ್ಬಂದಿಯ ತರಬೇತಿ, ಪ್ರಮಾಣಪತ್ರ, ಹಾಜರಿ ಇವೆಲ್ಲ ಮೊದಲನೆಯದಕ್ಕೆ ಸೇರಿದ್ದು. ಅದರ ಲೆಕ್ಕ ಕಚೇರಿಯಲ್ಲೇ ಸಿಗುತ್ತದೆ. ಒಳಗೆ ಬಂದ ಹೊತ್ತು, ಹೊರಟ ಹೊತ್ತು ಎರಡನ್ನೂ ಮೊಬೈಲ್ ಆಪ್ ಬರೆದಿಡುತ್ತದೆ. ನಡುವಿನ ಗಂಟೆಗಳಲ್ಲಿ ಏನು ನಡೆಯಿತೆಂಬುದು ಮಾತ್ರ ಆಪ್‌ಗೆ ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ಮೈಗೆ.

ಆದ್ದರಿಂದ ನರ್ಸ್ ಮೊದಲು ನೋಡುವುದು ಚರ್ಮವನ್ನು. ಮಲಗಿದಲ್ಲೇ ಇರುವವರಿಗೆ ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಬೆನ್ನಿನ ಬುಡ, ಆಕ್ಸಿಜನ್ ನಳಿಕೆ ಇದ್ದರೆ ಕಿವಿಯ ಹಿಂಭಾಗ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ಒತ್ತಿದಾಗ ಬಿಳಿಚಿಕೊಂಡು, ಬಿಟ್ಟ ಮೇಲೆ ಮತ್ತೆ ಕೆಂಪೇರಿದರೆ ರಕ್ತ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಕೆಂಪು ಹಾಗೇ ನಿಂತರೆ ಅದು ಒಂದೇ ಕಡೆ ಒತ್ತಿ ಆಗುವ ಹುಣ್ಣಿನ, ಅಂದರೆ ಬೆಡ್‌ಸೋರ್‌ನ ಮೊದಲ ಹಂತ. ಮೇಲಿನ ಚರ್ಮ ಇನ್ನೂ ಒಡೆದಿರುವುದಿಲ್ಲ, ಆಗಲೇ ಎಚ್ಚೆತ್ತುಕೊಳ್ಳಬೇಕು. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಣ್ಣಿಗೆ ಬೀಳದೇ ಹೋಗಬಹುದು. ಅಲ್ಲಿ ಕೈಯೇ ಕಣ್ಣು: ಸುತ್ತಲಿನ ಚರ್ಮಕ್ಕಿಂತ ಬೆಚ್ಚಗಿದೆಯೇ, ತಣ್ಣಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿದ್ದೇವೆ ಎಂದು ಪುಸ್ತಕದಲ್ಲಿ ಬರೆಯುವುದು ಸುಲಭ. ಹಿಮ್ಮಡಿ ಬೇರೆಯೇ ಕಥೆ ಹೇಳಬಹುದು.

ಆಮೇಲೆ ನೀರು. ಹೂಜಿಯ ತುಂಬ ನೀರಿದೆ, ಮೇಲೆ ಲೋಟವೂ ಇದೆ, ಆದರೆ ಹಾಸಿಗೆಯಿಂದ ಕೈ ಚಾಚಿದರೆ ಎಟುಕುವುದಿಲ್ಲ. ಇಂಥದ್ದು ಫೋನಿನಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ತೂಕ ನೋಡುತ್ತಾರೆ, ಬಯಸದೆಯೇ ಒಂದು ತಿಂಗಳಲ್ಲಿ ಶೇ 5ರಷ್ಟು ಇಳಿದಿದ್ದರೆ ವೈದ್ಯರಿಗೆ ತಿಳಿಸಬೇಕಾದ ಸಂಗತಿ. ನಿಲ್ಲಲಾಗದವರಿಗೆ ಟೇಪಿನಿಂದ ಮೀನಖಂಡದ ಸುತ್ತಳತೆ ತೆಗೆಯುತ್ತಾರೆ. ವಯಸ್ಸಾದವರಲ್ಲಿ ಅದು 31 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಪೋಷಣೆ ಸಾಲುತ್ತಿಲ್ಲವೇನೋ ಎಂದು ಅನುಮಾನಿಸಬೇಕು. ಮಾತ್ರೆಯ ಪಟ್ಟಿಯಲ್ಲಿ ಉಳಿದಿರುವುದನ್ನು ಎಣಿಸಿ ಚೀಟಿಗೆ ಹೋಲಿಸುತ್ತಾರೆ.

ಇನ್ನೊಂದು ವಿಷಯದಲ್ಲಿ ನಿಮ್ಮ ತಾಳ್ಮೆ ಬೇಡುತ್ತೇವೆ. ಸ್ನಾನ, ಬಟ್ಟೆ ತೊಡುವುದು, ಶೌಚಾಲಯಕ್ಕೆ ಹೋಗುವುದು, ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ: ಈ ಆರರಲ್ಲಿ ಎಷ್ಟನ್ನು ವ್ಯಕ್ತಿ ತಾನೇ ಮಾಡಿಕೊಳ್ಳಬಲ್ಲರು ಎಂದು ನೋಡುವ ಕಾಟ್ಸ್ ಅಳತೆ 1963ರಿಂದ ಬಳಕೆಯಲ್ಲಿದೆ. ನಮ್ಮ ನರ್ಸ್ ಕೂಡ ಅದನ್ನೇ ಬಳಸುತ್ತಾರೆ, ಹಿಂದಿನ ಭೇಟಿಯ ಜೊತೆ ಹೋಲಿಸುತ್ತಾರೆ. ಇದರಲ್ಲಿ ಒಂದು ತಿರುವಿದೆ. ಹತ್ತು ನಿಮಿಷದಲ್ಲಿ ಬಟ್ಟೆ ಹಾಕಿ, ತುತ್ತು ಬಾಯಿಗಿಟ್ಟು ಮುಗಿಸುವವರು ಚುರುಕೆನಿಸಿಕೊಳ್ಳುತ್ತಾರೆ. ನಡುಗುವ ಬೆರಳಿನಲ್ಲಿ ಅಜ್ಜಿಯೇ ಗುಂಡಿ ಹಾಕಿಕೊಳ್ಳಲಿ ಎಂದು ಪಕ್ಕದಲ್ಲಿ ಕಾದು ನಿಂತವರು "ಸುಮ್ಮನೆ ನಿಂತಿರುತ್ತಾರೆ" ಎಂಬ ಮಾತು ಕೇಳುತ್ತಾರೆ. ನಮ್ಮ ಪ್ರಕಾರ ಹೆಚ್ಚು ಕಲಿತವರು ಎರಡನೆಯವರು. ಮಾಡಿಕೊಳ್ಳಲು ಆಗುವುದನ್ನೂ ನಾವೇ ಮಾಡುತ್ತಾ ಹೋದರೆ ಆ ಶಕ್ತಿ ಬೇಗ ಕುಂದುತ್ತದೆ. ಅಂಕದ ಪದ್ಧತಿಯಲ್ಲಿ ಇಂಥವರಿಗೇ ಕಡಿಮೆ ಬೀಳುತ್ತಿತ್ತು.

ಹಾಗೆಂದು ಶಕ್ತಿ ಕುಂದಿದ್ದಕ್ಕೆಲ್ಲ ಆರೈಕೆಯೇ ಕಾರಣವಲ್ಲ. ಪಾರ್ಕಿನ್ಸನ್, ಮರೆವಿನ ಕಾಯಿಲೆಗಳು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಮುಂದುವರಿಯುತ್ತವೆ. ಈ ಕಾರಣಕ್ಕೇ ವರದಿಯಲ್ಲಿ ಒಟ್ಟು ಅಂಕ ಇರುವುದಿಲ್ಲ. ಏನು ಕಂಡಿತು, ಕಾಯಿಲೆಯ ಹಿನ್ನೆಲೆಯಲ್ಲಿ ಅದು ನಿರೀಕ್ಷಿತವೇ, ಮುಂದೇನು ಮಾಡುತ್ತೇವೆ ಎಂದು ಒಂದು ಪುಟದಲ್ಲಿ ಬರೆದು ನಿಮಗೂ ಕೊಡುತ್ತೇವೆ.

ಭೇಟಿಯ ನಡುವೆ ಸುಮಾರು ಕಾಲು ಗಂಟೆ ನರ್ಸ್ ಮತ್ತು ಆರೈಕೆ ಪಡೆಯುವವರು ಇಬ್ಬರೇ ಮಾತಾಡಲು ಬಿಡಿ. ನೋಡಿಕೊಳ್ಳುವವರೂ ಬೇಡ, ಮನೆಯವರೂ ಬೇಡ; ದಯವಿಟ್ಟು ಇದನ್ನು ಅನುಮಾನವೆಂದು ಭಾವಿಸಬೇಡಿ. "ತೃಪ್ತಿ ಇದೆಯೇ" ಎಂದು ನರ್ಸ್ ಕೇಳುವುದಿಲ್ಲ. "ನಿನ್ನೆ ರಾತ್ರಿ ಬಾತ್‌ರೂಮಿಗೆ ಹೋಗಬೇಕೆನಿಸಿದಾಗ ಏನಾಯಿತು?", "ಸ್ನಾನದ ನೀರಿನ ಬಿಸಿ ಯಾರು ನೋಡಿದರು?" ಎಂಬಂಥ ಪ್ರಶ್ನೆ ಹಾಕುತ್ತಾರೆ. ಇಂಥ ಪ್ರಶ್ನೆಗೆ ಹೊಗಳಿಕೆಯೂ ಬೇಕಿಲ್ಲ, ದೂರೂ ಬೇಕಿಲ್ಲ. ನಡೆದದ್ದನ್ನು ಹೇಳಿದರೆ ಸಾಕು. ಮಾತು ನಿಂತವರಿದ್ದರೆ ನೋವಾದಾಗ ಅವರು ಹುಬ್ಬು ಗಂಟಿಕ್ಕುತ್ತಾರೋ, ಮುಷ್ಟಿ ಬಿಗಿಯುತ್ತಾರೋ ಎಂಬುದನ್ನು ನೀವೇ ಮೊದಲು ತಿಳಿಸಬೇಕು. ಅದು ನಿಮ್ಮಷ್ಟು ಚೆನ್ನಾಗಿ ಬೇರೆಯವರಿಗೆ ತಿಳಿಯುವುದಿಲ್ಲ.

ಹೇಳದೆ ಕೇಳದೆ ಬಂದು ತಪಾಸಣೆ ಮಾಡಿ ಎಂದು ಕೆಲವರು ಸಲಹೆ ಕೊಟ್ಟಿದ್ದಾರೆ. ನಾವು ಒಪ್ಪಿಲ್ಲ. ಅದು ಒಬ್ಬರ ಮನೆ, ಹಾಸ್ಟೆಲ್ ಅಲ್ಲ. ಮೊದಲೇ ತಿಳಿಸಿದರೆ ಹಾಸಿಗೆಯ ಹೊದಿಕೆ ಬದಲಾಗಬಹುದು, ಹಿಮ್ಮಡಿಯ ಚರ್ಮ ಒಂದು ದಿನದಲ್ಲಿ ಬದಲಾಗುವುದಿಲ್ಲ. ಮೈ ತೋರಿಸಲು ಇಷ್ಟವಿಲ್ಲದವರು ಬೇಡ ಎನ್ನಬಹುದು. ಫೋಟೊ ತೆಗೆಯುವುದಿಲ್ಲ. ಬಂದು ನೋಡುವ ನರ್ಸ್‌ಗೂ ಡ್ಯೂಟಿ ಪಟ್ಟಿ ಹಾಕುವ ಕೆಲಸಕ್ಕೂ ಸಂಬಂಧವಿರುವುದಿಲ್ಲ.

ನಮ್ಮ ಸಿಬ್ಬಂದಿಗೆ ಹೇಳಿರುವುದನ್ನು ನಿಮಗೂ ಹೇಳಬೇಕು. ಬಿದ್ದದ್ದು, ಮಾತ್ರೆ ತಪ್ಪಿದ್ದು, ಚರ್ಮ ಕೆಂಪಾದದ್ದು ಇವನ್ನು ಅವರಾಗಿಯೇ ಅದೇ ದಿನ ತಿಳಿಸಿದರೆ ಸಂಬಳ ಕಡಿತವಿಲ್ಲ. ಮುಚ್ಚಿಟ್ಟರೆ ಮಾತ್ರ ಕ್ರಮ. ಹೀಗಾಗಿ ಮೊದಮೊದಲು ವರದಿಗಳಲ್ಲಿ ಬಿದ್ದ ಪ್ರಸಂಗಗಳು ಹಿಂದಿಗಿಂತ ಹೆಚ್ಚು ಕಾಣಬಹುದು, ಗಾಬರಿಯಾಗಬೇಡಿ. ಮೂರು ತಿಂಗಳಲ್ಲಿ ಎಷ್ಟು ಬೇರೆ ಬೇರೆ ಜನ ನಿಮ್ಮ ಮನೆಗೆ ಬಂದರು ಎಂಬುದೂ ವರದಿಯಲ್ಲಿರುತ್ತದೆ. ಮುಖ ಪದೇ ಪದೇ ಬದಲಾದರೆ ಮರೆವಿನ ಕಾಯಿಲೆಯವರು ಕಂಗಾಲಾಗುತ್ತಾರೆ. ಆ ಹೊಣೆ ಪಟ್ಟಿ ಹಾಕುವ ಕಚೇರಿಯದು, ಬಂದು ಹೋಗುವವರದಲ್ಲ.

ಭೇಟಿಯ ದಿನ ಗೊತ್ತುಮಾಡಲು ಮುಂದಿನ ವಾರ ಕರೆ ಮಾಡುತ್ತೇವೆ. ಆರೈಕೆ ಪಡೆಯುವವರು ಮಧ್ಯಾಹ್ನ ಮಲಗುವ ಹೊತ್ತು ಯಾವುದೆಂದು ಆಗಲೇ ತಿಳಿಸಿ, ಅದನ್ನು ಬಿಟ್ಟು ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಮನೆ ಆರೈಕೆ ಸಹಕಾರ ಸಂಘ