ಅತ್ತಿ, ನಿಮ್ಮ ಬೋರ್ಡಿನ ಮುಂದೆ ಕೂತು ಬಂದೆ

ಸಿಯಾಟಲ್
ಸೋಮವಾರ ರಾತ್ರಿ

ಪ್ರೀತಿಯ ಅತ್ತಿ,

ನಮಸ್ಕಾರ. ನಾನಿಲ್ಲಿ ಆರಾಮ ಇದ್ದೇನೆ. ನಿಮ್ಮ ಮೊಣಕಾಲು ಹೇಗಿದೆ? ಹುಬ್ಬಳ್ಳಿಯಲ್ಲಿ ಮಳೆ ಹಿಡಿದ ಮೇಲೆ ನೋವು ಜಾಸ್ತಿ ಆಗಿದೆ ಅಂತ ಅವ್ವ ಹೇಳಿದಳು. ಎರಡು ದಿನಕ್ಕೊಮ್ಮೆ ಫೋನ್ ಮಾಡುವ ಹುಡುಗಿ ಈಗ ಪತ್ರ ಯಾಕೆ ಬರೆದಳು ಅಂತ ನಿಮಗೆ ಅನಿಸಬಹುದು. ನಿಮ್ಮ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಸೇರಿದ ಈ ವಿಷಯ ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ. ನೀವು ಪಡಸಾಲೆಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಸಾವಕಾಶ ಓದಬೇಕು.

ನಿನ್ನೆ ರವಿವಾರ ಹಳೇ ಟೆಲಿಫೋನ್ ಯಂತ್ರಗಳ ಕನೆಕ್ಷನ್ಸ್ ಮ್ಯೂಸಿಯಂಗೆ ಹೋಗಿದ್ದೆ. ಇಲ್ಲಿನ ಜಾರ್ಜ್‌ಟೌನ್ ಏರಿಯಾದಲ್ಲಿ, ಟೆಲಿಫೋನ್ ಕಂಪನಿಯ ಕಟ್ಟಡದ ಮೇಲಿನ ಮಹಡಿಗಳಲ್ಲಿದೆ. ಅದನ್ನು ನಡೆಸುವವರು ಸ್ವಯಂಸೇವಕರು. ಟೆಲಿಫೋನ್ ಕೆಲಸದಲ್ಲೇ ದುಡಿದು ರಿಟೈರ್ ಆದವರೂ ಅವರಲ್ಲಿದ್ದಾರೆ. ತಮ್ಮ ರಜೆಯ ದಿನ ಬಂದು ಎಣ್ಣೆ ಬಿಡುತ್ತಾರೆ, ವೈರು ಬೆಸೆಯುತ್ತಾರೆ, ಬಂದವರಿಗೆ ಬೇಸರವಿಲ್ಲದೆ ವಿವರಿಸುತ್ತಾರೆ.

ಅಲ್ಲಿ 1923ರ ಪ್ಯಾನೆಲ್ ಎಕ್ಸ್‌ಚೇಂಜ್, ಅಂದರೆ ಡಯಲ್ ಮಾಡಿದ ನಂಬರಿಗೆ ತಾನೇ ಲೈನ್ ಸೇರಿಸುವ ಹಳೇ ಯಂತ್ರ, ಒಂದಿದೆ. ಜಗತ್ತಿನಲ್ಲಿ ಇನ್ನೂ ಓಡುತ್ತಿರುವುದು ಇದೊಂದೇ ಅಂತೆ. ಆಳೆತ್ತರಕ್ಕಿಂತ ಎತ್ತರದ ಚೌಕಟ್ಟು, ಅದರ ತುಂಬ ಸಾಲಾಗಿ ನಿಂತ ಉದ್ದನೆಯ ಕಡ್ಡಿಗಳು. ಕೆಳಗೆ ಕಾರ್ಕ್ ಹೊದಿಸಿದ ಉರುಳೆಗಳನ್ನು ಮೋಟಾರು ಸದಾ ತಿರುಗಿಸುತ್ತಿರುತ್ತದೆ. ನನಗೊಂದು ಡಯಲ್ ಫೋನ್ ಕೊಟ್ಟು ತಿರುಗಿಸು ಅಂದರು. ತಿರುಗಿಸಿದೆ. ಒಂದು ಕಡ್ಡಿ ಉರುಳೆಗೆ ಅಂಟಿಕೊಂಡು ಸರ್ರನೆ ಮೇಲೇರಿತು, ಟಕ್ಕನೆ ನಿಂತಿತು. ಆಮೇಲೆ ಇನ್ನೊಂದು ಸಾಲಿನಲ್ಲಿ ಮತ್ತೊಂದು. ಕೋಣೆಯ ಆ ಕಡೆ ಇನ್ನೊಂದು ಫೋನ್ ರಿಂಗ್ ಆಯಿತು! ಎಲ್ಲಿ ನಿಲ್ಲಬೇಕು ಅಂತ ಆ ಕಡ್ಡಿಗೇ ಗೊತ್ತಿರುವುದಿಲ್ಲ ಅತ್ತಿ. ಏರುತ್ತಾ ಏರುತ್ತಾ 'ಒಂದು ದಾಟಿದೆ, ಎರಡು ದಾಟಿದೆ' ಅಂತ ವಾಪಸ್ ಸಿಗ್ನಲ್ ಕಳಿಸುತ್ತದೆ. ನಂಬರ್ ನೆನಪಿಟ್ಟುಕೊಂಡ ಇನ್ನೊಂದು ಯಂತ್ರ ಅದನ್ನು ಎಣಿಸಿ 'ಸಾಕು' ಅನ್ನುತ್ತದೆ. ನನಗೆ ನೀವೇ ನೆನಪಾದಿರಿ. ಇವತ್ತಿಗೂ ಯಾರಾದರೂ ನಂಬರ್ ಕೊಟ್ಟರೆ ಒಂದೊಂದೇ ಅಂಕಿ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡೇ ಬರೆದುಕೊಳ್ಳುತ್ತೀರಿ, ಅಲ್ವಾ?

ಮುಂದೆ ಒಂದು ಮೂಲೆಯಲ್ಲಿ, ಕೈಯಿಂದಲೇ ಲೈನ್ ಸೇರಿಸುವ ಆಪರೇಟರ್ ಬೋರ್ಡ್ ಇತ್ತು. ಬೇರೆ ಊರಿನ ಕಾಲ್ ಸೇರಿಸುವ ನಿಮ್ಮ ಹುಬ್ಬಳ್ಳಿ ಟ್ರಂಕ್ ಬೋರ್ಡ್ ನಾನು ಕಂಡವಳಲ್ಲ, ಆದರೂ ಇದು ಅದೇ ಜಾತಿಯದು ಅಂತ ಒಂದೇ ನೋಟಕ್ಕೆ ಗೊತ್ತಾಯಿತು. ಕೂತುಕೊ ಅಂದರು ಅಲ್ಲಿದ್ದ ಹಿರಿಯರು. ಪ್ಲಗ್ ಕೈಗೆ ಕೊಟ್ಟರು. ನನ್ನ ಕಿರುಬೆರಳಿಗಿಂತ ಸಣ್ಣದು, ಹಿತ್ತಾಳೆಯ ತುದಿ ಸವೆದು ಹೊಳೆಯುತ್ತಿತ್ತು. ಬಿಟ್ಟರೆ ಕೆಳಗಿನ ತೂಕಕ್ಕೆ ಅದರ ವೈರು ತಾನೇ ಒಳಗೆ ಸರಿದು ಪ್ಲಗ್ ತನ್ನ ಜಾಗಕ್ಕೆ ಕೂರುತ್ತದೆ. ಚುಚ್ಚುವ ಮೊದಲು ತೂತಿನ ಅಂಚಿಗೆ ತುದಿ ಮುಟ್ಟಿಸಿ ನೋಡಬೇಕು, ಕಿವಿಯಲ್ಲಿ ಟಿಕ್ ಅಂದರೆ ಆ ಲೈನ್ ಎಂಗೇಜ್. ನಾನು ಮರೆತು ಎರಡು ಸಲ ನೇರ ಚುಚ್ಚಿದೆ. ಹತ್ತು ನಿಮಿಷಕ್ಕೇ ಹೆಡ್‌ಸೆಟ್ಟಿನಿಂದ ಕಿವಿ ಬಿಸಿಯಾಯಿತು. ನೀವು ರಾತ್ರಿ ಪಾಳಿ ಪೂರ್ತಿ ಹೇಗೆ ಕೂರುತ್ತಿದ್ದಿರಿ? ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಕಾಲ್‌ಗಳ ಚೀಟಿ ಬೇರೆ ಬೇರೆ ಮಾಡಿಕೊಂಡು, ಲೈನ್ ಸಿಗದವರ ಬೈಗುಳ ಕೇಳಿಕೊಂಡು?

ಅಲ್ಲೊಂದು ಕಥೆ ಹೇಳಿದರು. ತಾನೇ ಕನೆಕ್ಷನ್ ಕೊಡುವ ಸ್ವಿಚ್ಚಿಗೆ 1891ರಲ್ಲಿ ಪೇಟೆಂಟ್ ಪಡೆದ ಸ್ಟ್ರೌಜರ್ ಅಂತ್ಯಸಂಸ್ಕಾರದ ವ್ಯಾಪಾರ ಮಾಡುತ್ತಿದ್ದವನು. ಊರಿನ ಆಪರೇಟರ್ ತನ್ನ ಗಿರಾಕಿಗಳ ಫೋನನ್ನು ಬೇರೆಯವನ ಕಡೆ ತಿರುಗಿಸುತ್ತಾಳೆ ಅಂತ ಅವನಿಗೆ ಅನುಮಾನವಂತೆ. ಆ ಸಿಟ್ಟಿಗೆ ಆಪರೇಟರೇ ಬೇಡದ ಯಂತ್ರ ಮಾಡಿದನಂತೆ. ಕಥೆ ಎಲ್ಲರೂ ಹೇಳುತ್ತಾರೆ. ಆ ಹೆಣ್ಣುಮಗಳ ಮಾತು ಏನಿತ್ತು ಅಂತ ಯಾರೂ ಹೇಳುವುದಿಲ್ಲ. ನನಗೆ ಅದು ಸರಿ ಅನಿಸಲಿಲ್ಲ.

ನಾನೂ ಒಂದು ಸುದ್ದಿ ಹೇಳಿದೆ. ಹಳ್ಳಿಗಳಿಗೆಂದೇ ಸಿ-ಡಾಟ್ ಅನ್ನುವ ನಮ್ಮ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆಯವರು ಮಾಡಿದ 128 ಪೋರ್ಟಿನ (ಲೈನ್ ಸೇರಿಸುವ ಜಾಗದ) ಚಿಕ್ಕ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ ಅಂತ. ಧಾರವಾಡದಿಂದ ಬಸ್ಸಿನಲ್ಲಿ ಬೆಳಗಾವಿ ಕಡೆ ಹೋದರೆ ಸಿಗುವ ಊರು ಅಂದೆ. ಎಸಿ ಇಲ್ಲದೆ, ನಮ್ಮ ಧೂಳು, ಸೆಕೆಯಲ್ಲೇ ಓಡುತ್ತಿತ್ತು ಅಂದಾಗ ಆ ಹಿರಿಯರು ಪೆನ್ ತೆಗೆದು ಕಿತ್ತೂರು ಅಂತ ಬರೆದುಕೊಂಡರು.

ಆಮೇಲೆ ನಿಮ್ಮ ಬಗ್ಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: ನಿಮ್ಮ ಅತ್ತೆಯ ಕೆಲಸದ ಮಾತುಗಳನ್ನು ರೆಕಾರ್ಡ್ ಮಾಡಿದ್ದೀಯಾ? ನಾನು ಇಲ್ಲ ಅಂದೆ. ಇಪ್ಪತ್ತು ವರ್ಷ ನಿಮ್ಮ ಕೈಯ ಗಿರಮಿಟ್ಟು ತಿಂದಿದ್ದೇನೆ, ಒಂದು ದಿನವೂ ಕೆಲಸದ ಬಗ್ಗೆ ಕೇಳಿಲ್ಲ. ದೀಪಾವಳಿಗೆ ಬಂದಾಗ ಕೇಳುತ್ತೇನೆ. ಎರಡು ದಿನ ನಿಮ್ಮ ಹತ್ತಿರವೇ ಇರುತ್ತೇನೆ. ಟ್ರಂಕ್ ಪೆಟ್ಟಿಗೆಯಲ್ಲಿ ಹಳೇ ಡ್ಯೂಟಿ ಚೀಟಿ, ಗ್ರೂಪ್ ಫೋಟೋ ಏನಿದ್ದರೂ ಎಸೆಯಬೇಡಿ. ಅಪ್ಪನಿಗೂ ಹೇಳಿದ್ದೇನೆ, ರದ್ದಿಗೆ ಹಾಕಬಾರದು ಅಂತ.

ಒಂದು ಪ್ರಶ್ನೆ ಮಾತ್ರ ಈಗಲೇ ಕೇಳಬೇಕು. ನಾನು ಗದಗಿನಲ್ಲಿ ಹುಟ್ಟಿದ ರಾತ್ರಿ ಅಜ್ಜ ಮಾಡಿದ ಟ್ರಂಕ್ ಕಾಲ್ ನಿಮ್ಮ ಬೋರ್ಡಿಗೇ ಬಂತಂತೆ. ನಮ್ಮವರನ್ನು ಕರೆಸಿ ಮಾತಾಡುವ ಪಕ್ಕದ ಮನೆಯ ಪಿಪಿ ನಂಬರಿಗೆ ನೀವೇ ಹಾಕಿ ಕೊಟ್ಟಿರಂತೆ, ಅಪ್ಪ ಓಡಿ ಬಂದು ತೆಗೆದುಕೊಂಡರಂತೆ. ಲೈನ್ ಸೇರಿಸಿದ ಮೇಲೆ ಬೋರ್ಡಿನ ಕೀ, ಅಂದರೆ ಸ್ವಿಚ್ಚು, ಮೊದಲಿದ್ದ ಜಾಗಕ್ಕೆ ಹಿಂದಕ್ಕೆ ಮಾಡಬೇಕು, ಆಮೇಲೆ ಆಪರೇಟರಿಗೆ ಮಾತು ಕೇಳುವುದಿಲ್ಲ ಅಂತ ನಿನ್ನೆ ಕಲಿತೆ. ಆವತ್ತು ನೀವು ಕೀ ಹಿಂದಕ್ಕೆ ಮಾಡಿದಿರಾ ಅತ್ತಿ, ಇಲ್ಲ ಕೇಳಿದಿರಾ?

ನಿಮ್ಮ ಪ್ರೀತಿಯ ಸೊಸಿ