ಬೀಜದ ಪ್ಯಾಕೆಟ್ಟಿಗೆ ನಮ್ಮೂರ ಸೆಖೆ ಗೊತ್ತಿರಲಿ

ಮಾನ್ಯ ಸಂಪಾದಕರೇ,

ಉಡುಪಿಯ ಗಿಡದ ಅಂಗಡಿಗಳಲ್ಲಿ ಈಗ ಬ್ರಸೆಲ್ಸ್ ಸ್ಪ್ರೌಟ್ಸ್ ಬೀಜ ಸಿಗುತ್ತಿದೆ. ನೆಲ್ಲಿಕಾಯಿ ಗಾತ್ರದ ಕೋಸುಗಳು ಒಂದೇ ದಂಟಿಗೆ ಸಾಲಾಗಿ ಅಂಟಿಕೊಂಡಿರುವ ಚಿತ್ರ ಪ್ಯಾಕೆಟ್ ಮೇಲಿದೆ. ನೋಡಿದರೆ ಯಾರಿಗಾದರೂ ಆಸೆಯಾಗಬೇಕು. ಹಿಂದೆ ತಿರುಗಿಸಿದರೆ ಮೊಳಕೆ ಪ್ರಮಾಣ, ಶುದ್ಧತೆ, ಪರೀಕ್ಷೆ ಮಾಡಿದ ದಿನಾಂಕ, ಲಾಟ್ ನಂಬರ್ ಎಲ್ಲವೂ ಇದೆ. ಯಾವ ಹವೆಗೆ ಆಗುತ್ತದೆ, ಎಷ್ಟು ತಿಂಗಳ ಬೆಳೆ ಎಂಬುದಿಲ್ಲ. ಬದಲಿಗೆ 'ವರ್ಷವಿಡೀ ಬಿತ್ತಬಹುದು' ಅಂತ ಒಂದು ಸಾಲು. ನಾನು ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದವಳು. ಸಣ್ಣ ಅಕ್ಷರ ಓದದೆ ಬಿಡುವ ಜಾತಿಯಲ್ಲ. ಆ ಒಂದು ಸಾಲಿನ ಬಗ್ಗೆಯೇ ಈ ಪತ್ರ.

ಈ ಗಿಡ ಕೋಸು, ಹೂಕೋಸು, ನವಿಲುಕೋಸಿನ ಕುಲದ್ದೇ. ಪ್ರತಿ ಎಲೆಯ ಬುಡದಲ್ಲಿ ಒಂದೊಂದು ಮೊಗ್ಗು ಬಂದು ಗಟ್ಟಿಯಾಗಿ ಸುತ್ತಿಕೊಳ್ಳಬೇಕು. ಅದಕ್ಕೆ 15ರಿಂದ 18 ಡಿಗ್ರಿ ತಂಪು ಬೇಕು. 24 ದಾಟಿದರೆ ಮೊಗ್ಗು ಸಡಿಲವಾಗುತ್ತದೆ, ಕಹಿಯೂ ಆಗುತ್ತದೆ. ಯುರೋಪಿನಲ್ಲಿ ಹಿಮ ಬಿದ್ದ ಮೇಲೆ ಕೊಯ್ದದ್ದಕ್ಕೆ ರುಚಿ ಜಾಸ್ತಿ ಅನ್ನುತ್ತಾರೆ. ಚಳಿಗೆ ಗಿಡದಲ್ಲಿ ಸಕ್ಕರೆ ಅಂಶ ಏರುತ್ತದಂತೆ. ನಮ್ಮಲ್ಲಿ ಡಿಸೆಂಬರ್ ರಾತ್ರಿಯೂ 20ರ ಆಚೀಚೆ ಇರುತ್ತದೆ, ಹಗಲು 32. ಅದೂ ನಾಟಿ ಮಾಡಿ ಮೂರು ನಾಲ್ಕು ತಿಂಗಳು ಕಾಯಬೇಕಾದ ಬೆಳೆ ಇದು. ಕೋಸು, ಹೂಕೋಸಿನಲ್ಲಿ ಸೆಖೆ ತಡೆಯುವ ತಳಿಗಳು ಬಂದಿವೆ, ಕರಾವಳಿಯಲ್ಲೂ ಚಳಿಗಾಲಕ್ಕೆ ಬೆಳೆಯುವವರಿದ್ದಾರೆ. ಈ ಪ್ಯಾಕೆಟ್ಟಿನ ತಳಿಗೆ ಆ ತಾಕತ್ತು ಇಲ್ಲ.

ತಮಾಷೆಯೆಂದರೆ ಬೀಜ ನಮ್ಮ ಸೆಖೆಗೂ ಚೆನ್ನಾಗಿ ಮೊಳೆಯುತ್ತದೆ. ವಾರದೊಳಗೆ ಸಸಿ ಬರುತ್ತದೆ, ಎಲೆ ಅಗಲವಾಗುತ್ತದೆ. ಮೊಳಕೆ ಪ್ರಮಾಣ ಬರೆದವರು ಸುಳ್ಳು ಹೇಳಿಲ್ಲ, ಅಲ್ವಾ? ಆದರೆ ತೋಟ ಮಾಡುವವರಿಗೆ ಮೊಳಕೆ ಸಾಕೇ?

ನಾನು ಅರ್ಧ ಬೀಜ ಇಟ್ಟುಕೊಂಡು ಉಳಿದದ್ದನ್ನು ಮಡಿಕೇರಿಯಲ್ಲಿರುವ ತಂಗಿಗೆ ಕಳಿಸಿದೆ. ಇಲ್ಲಿ ಮಳೆ ಕಡಿಮೆಯಾದ ಮೇಲೆ ಅಕ್ಟೋಬರಿನಲ್ಲಿ ನೆಟ್ಟೆ. ನಮ್ಮ ಮುರಕಲ್ಲಿನ ಮಣ್ಣು ಹುಳಿ. ಕೋಸಿನ ಕುಲಕ್ಕೆ ಹುಳಿ ಮಣ್ಣಿನಲ್ಲಿ ಬೇರು ಊದಿಕೊಳ್ಳುವ ರೋಗ ಬೇಗ ತಗಲುತ್ತದೆ. ಹಾಗಾಗಿ ಸುಡುಮಣ್ಣು, ಬೂದಿ, ಹಟ್ಟಿಗೊಬ್ಬರ ಎಲ್ಲ ಹಾಕಿದೆ. ಹಸಿರು ಹುಳ ಹೆಕ್ಕಿದೆ, ಬೇವಿನೆಣ್ಣೆ ಹೊಡೆದೆ. ಜನವರಿಗೆ ಎಲೆ ಬುಡದಲ್ಲಿ ಬಂದದ್ದು ಕೋಸಲ್ಲ, ಬಿಚ್ಚಿಕೊಂಡ ಎಲೆಯ ಗೊಂಚಲು. ಸುಮ್ನೆ ಬಿಸಾಡಲಿಲ್ಲ ಅನ್ನಿ. ತೆಂಗಿನೆಣ್ಣೆಗೆ ಸಾಸಿವೆ, ಕೆಂಪು ಮೆಣಸು ಹಾಕಿ ದೊಡ್ಡ ಉರಿಯಲ್ಲಿ ಬಾಡಿಸಿ ಉಪ್ಕರಿ ಮಾಡಿದರೆ ಆ ಎಲೆ ಊಟಕ್ಕೆ ಆಗುತ್ತದೆ. ತುಂಬ ಹೊತ್ತು ಬೇಯಿಸಿದರೆ ಮಾತ್ರ ಗಂಧಕದ ವಾಸನೆ ಎದ್ದು ಅಡುಗೆಮನೆಗೆ ಕಾಲಿಡಲಿಕ್ಕಾಗದು.

ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದ ಊರು. ಅದೇ ಬೀಜ ಅಲ್ಲಿ ಗಟ್ಟಿ ಕೋಸು ಕಟ್ಟಿತು. ತಂಗಿ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟಿದ್ದಳು, ಗಾಳಿಗೆ ಬೀಳದಂತೆ ಕೋಲು ಕಟ್ಟಿದ್ದಳು. ಹಳದಿಯಾದ ಕೆಳಗಿನ ಎಲೆಗಳನ್ನು ಆಗಾಗ ಮುರಿದು ತೆಗೆಯುತ್ತಾಳೆ. ಕೋಸು ದಂಟಿನ ಬುಡದಿಂದ ಮೇಲಕ್ಕೆ ಬಲಿಯುತ್ತಾ ಹೋಗುವುದರಿಂದ ಕೊಯ್ಲೂ ಬುಡದಿಂದಲೇ. ಒಂದು ಇಂಚು ದಪ್ಪವಾದಾಗ, ಒತ್ತಿದರೆ ಗಟ್ಟಿ ಇರುವಾಗಲೇ, ತಿರುಚಿ ಕೀಳಬೇಕು. ಇನ್ನೂ ದೊಡ್ಡದಾಗಲಿ ಅಂತ ಬಿಟ್ಟರೆ ಬಿರಿಯುತ್ತದೆ. ಎಲ್ಲವೂ ಒಟ್ಟಿಗೆ ಬೇಕಿದ್ದರೆ ತುದಿ ಚಿವುಟುತ್ತಾರೆ. ಅವಳು ಚಿವುಟಲಿಲ್ಲ, ವಾರ ವಾರ ಸ್ವಲ್ಪ ಸ್ವಲ್ಪ ಸಿಗಲಿ ಅಂತ. ಅದೇ ಬುದ್ಧಿವಂತಿಕೆ ಅನಿಸಿತು ನನಗೆ.

ನನಗೆ ಸಿಟ್ಟು ಬಂದದ್ದು ಬೆಳೆ ಬಾರದ್ದಕ್ಕಲ್ಲ. ಪಕ್ಕದ ಮನೆಯ ಅಕ್ಕ ಬಸಳೆ ಚಪ್ಪರ, ಅಲಸಂಡೆ, ಗುಳ್ಳ ಎಲ್ಲವನ್ನೂ ಎಷ್ಟು ಚಂದ ಬೆಳೆಸುತ್ತಾರೆ! ಅವರೂ ಇದೇ ಬೀಜ ತಂದಿದ್ದರು, ಅದೂ ಫೆಬ್ರವರಿಯಲ್ಲಿ. ಅಂಗಡಿಯಲ್ಲಿ ಕೇಳಿದರೆ 'ಗೊಬ್ಬರ ಜಾಸ್ತಿ ಹಾಕಿ, ಆಗ್ತದೆ' ಅಂದರಂತೆ. ಕೊನೆಗೆ ಅಕ್ಕ 'ನನ್ನ ಕೈಗುಣ ಹೋಯ್ತು ಮಾರಾಯ್ತಿ' ಅಂದರು. ಕೈಗುಣಕ್ಕೂ ಇದಕ್ಕೂ ಏನು ಸಂಬಂಧ?

ಬೀಜ ಮಾರುವವರು 'ವರ್ಷವಿಡೀ' ಎಂಬ ಸಾಲು ತೆಗೆದು, ಆ ಜಾಗದಲ್ಲಿ ಎಷ್ಟು ಡಿಗ್ರಿ, ಎಷ್ಟು ತಿಂಗಳು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಲಿ. ಶಾಯಿಯ ಖರ್ಚೇನೂ ಹೆಚ್ಚಾಗದು. ತೋಟಗಾರಿಕೆ ಇಲಾಖೆಯವರು ಸಸಿ ಮಾರುವ ಕಡೆ 'ಕರಾವಳಿಗೆ ಆಗುವುದು', 'ಘಟ್ಟದ ಮೇಲೆ ಆಗುವುದು' ಅಂತ ಎರಡು ಬೋರ್ಡು ಹಾಕಿಸಲಿ. ನಿಮ್ಮ ಪತ್ರಿಕೆಯ ಕೈತೋಟದ ಅಂಕಣದಲ್ಲೂ ಹೊಸ ತರಕಾರಿ ಪರಿಚಯಿಸುವಾಗ ಯಾವ ಊರಿಗೆ ಎಂಬ ಒಂದು ಮಾತು ಸೇರಿಸಿದರೆ ಉಪಕಾರ.

ಈಗಾಗಲೇ ಪ್ಯಾಕೆಟ್ ತಂದಿಟ್ಟವರು ಎಸೆಯಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ತೇವ ತಾಗದಂತೆ ಫ್ರಿಜ್ಜಿನಲ್ಲಿಟ್ಟರೆ ಈ ಬೀಜ ಮೂರು ನಾಲ್ಕು ವರ್ಷ ಹಾಳಾಗದು. ಘಟ್ಟದ ಮೇಲೆ ನೆಂಟರಿದ್ದರೆ ಮುಂದಿನ ಸಲ ಹೋಗುವಾಗ ಕೊಟ್ಟುಬಿಡಿ.

ಇತಿ,
ನಿವೃತ್ತ ಬ್ಯಾಂಕ್ ಉದ್ಯೋಗಿ,
ಕುಂಜಿಬೆಟ್ಟು, ಉಡುಪಿ