ಆ ಡೈರಿ ರದ್ದಿಗೆ ಹಾಕಬ್ಯಾಡ ಅವ್ವಾ

ಅವ್ವಾ,

ಹೆಂಗದಿ, ಮಣಕಾಲ ನೋವು ಕಡಿಮಿ ಆತೇನು? ಮೊನ್ನೆ ಫೋನ್‌ನ್ಯಾಗ ಹೇಳಿದ್ದಿ, ಬಾಜೂ ಮನಿ ಕಾಕು "ಮಗಳು ಡಾಕ್ಟರ್ ಅಂತಿ, ಸೂಜಿನೂ ಮಾಡಂಗಿಲ್ಲ ಗುಳಿಗಿನೂ ಕೊಡಂಗಿಲ್ಲ, ಜಿನಿವಾದಾಗ ಕುಂತು ಏನ್ ಮಾಡ್ತಾಳ" ಅಂತ ಕೇಳಿದ್ಲಂತ. ಫೋನ್‌ನ್ಯಾಗ ನೆಟ್ಟಗ ಹೇಳಾಕ ಬರಲಿಲ್ಲ, ಅದಕ್ಕ ಬರಿಯಾಕತ್ತೀನಿ.

7-1-7 ಅಂತ ಒಂದು ಲೆಕ್ಕ ಐತಿ. ರೋಗ ಎದ್ದ 7 ದಿನದಾಗ ಗುರ್ತು ಹಿಡಿಬೇಕು, 1 ದಿನದಾಗ ಮ್ಯಾಲಿನವರಿಗೆ ತಿಳಸಬೇಕು, ಮತ್ತ 7 ದಿನದಾಗ ತಡಿಯೂ ಮೊದಲಿನ ಕೆಲಸ ಮುಗೀಬೇಕು. ಎಲ್ಲೆ ತಡಾ ಆತು, ಯಾಕ ಆತು ಅಂತ ಹುಡುಕೂದು ನನ್ನ ಕೆಲಸ, ಅಷ್ಟ. ನೀ ಆಶಾ ಕಾರ್ಯಕರ್ತೆ ಆಗಿ, ಓಣ್ಯಾಗ ಎರಡು ಹುಡುಗರಿಗೆ ಜ್ವರ ಅಂದಕೂಡ್ಲೆ ಅವತ್ತ ಸಂಜಿಕ ಪಿಎಚ್‌ಸಿಗೆ ಫೋನ್ ಮಾಡ್ತಿದ್ದೆಲ್ಲಾ, ಅದ ಇದು, ಇಲ್ಲೆ ಅದಕ್ಕ ಇಂಗ್ಲಿಷ್ ಹೆಸರು ಇಟ್ಟಾರ.

2015ರಾಗ ಸಿಯೆರಾ ಲಿಯೋನ್‌ಗೆ ಹೋದಾಗಿನ ಮಾತು ನಿನಗ ಪೂರ್ತಿ ಹೇಳೇ ಇಲ್ಲ, ಅಂಜ್ತಿದ್ದಿ ಅಂತ. ಎಬೋಲಾ ಅನ್ನೂ ಅಂಟುರೋಗ ಪಶ್ಚಿಮ ಆಫ್ರಿಕಾದ ಮೂರು ದೇಶದಾಗ 11,000ಕ್ಕಿಂತ ಜಾಸ್ತಿ ಮಂದಿನ್ನ ತಿಂದು ಹಾಕ್ತು. ರೋಗಿನ್ನ ಮುಟ್ಟಿದವರ ಹೆಸರು ಬರಕೊಂಡು 21 ದಿನ ದಿನಾ ಹೋಗಿ ಜ್ವರ ನೋಡಬೇಕು, ಯಾಕಂದ್ರ ಸೋಂಕು ತಗಲಿ 21 ದಿನದ ತನಕ ಯಾವಾಗರ ಎದ್ದೀತು. ಒಂದು ಮನ್ಯಾಗ ನಾ ಜೀಪಿನಿಂದ ಇಳಿದವಳ ಪಟ್ಟಿ ಹಿಡಕೊಂಡು ಎಷ್ಟು ಮಂದಿ ಅದೀರಿ ಅಂತ ಕೇಳಿದೆ, ಆರು ಅಂದ್ರು, ಬರಕೊಂಡು ಬಂದೆ, ಏಳನೇದವ ಒಬ್ಬ ಹುಡುಗ ಹಿಂದ ಅಡಗಿದ್ದ! ಮರುದಿನ ಆ ಊರಿನ ಹುಡುಗಿ ಒಬ್ಬಾಕಿ ಹೋದ್ಲು, ಮುಟ್ಟಂಗಿಲ್ಲ, ನೀರು ಕುಡಿಯಂಗಿಲ್ಲ, ದೂರ ನಿಂತು ತೀರಿಕೊಂಡ ಮುದುಕನ ಬಗ್ಗೆ, ಅಕ್ಕಿ ಬಗ್ಗೆ, ಮಕ್ಕಳ ಬಗ್ಗೆ ಅರ್ಧಾ ತಾಸು ಮಾತಾಡಿದ್ಲು, ಹುಡುಗ ತಾನ ಹೊರಗ ಬಂದ. ಆವಾಗ ನೆನಪಾತು ನೋಡು, ನೀ ಯಾರ ಮನಿಗೆ ಹೋದ್ರೂ ನೀರಡಿಕಿ ಇಲ್ಲದಿದ್ರೂ ಮೊದಲು "ಒಂದು ತಂಬಿಗಿ ನೀರು ಕೊಡವಾ" ಅಂತಿದ್ದಿ.

2020ರಾಗ ಕೊರೋನಾ ಬಂದಾಗ ಗೋವಾದಿಂದ ದುಡಕೊಂಡು ಬಂದವರ ಮನಿ ಬಾಗಲದಾಗ ನೀ ನಿಂತಾಗ ಬೈದ್ರು, ನಿನ್ನ ಕಂಡ್ರ ಬಾಗಲಾ ಹಾಕ್ಕೊಂಡ್ರು, ನಾ ಇಲ್ಲೆ ಲ್ಯಾಪ್‌ಟಾಪ್ ಮುಂದ ಕುಂತು ಗ್ರಾಫ್ ತಗೀತಿದ್ದೆ. 2022ರಾಗ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಪ್ರಶಸ್ತಿ ಕೊಟ್ಟಾಗ ನಿನಗ ಫೋನ್ ಮಾಡಿ ಅತ್ತೆ, ನೀ ಕೇಳಿದ್ದು ಒಂದ, "ಅದಕ್ಕ ರೊಕ್ಕ ಎಷ್ಟು ಬರ್ತಾವ?"

2025ರ ಮೇ 20ಕ್ಕ ವಿಶ್ವ ಆರೋಗ್ಯ ಸಂಸ್ಥ್ಯಾಗ ಪ್ಯಾಂಡೆಮಿಕ್ ಒಪ್ಪಂದ, ಅಂದ್ರ ಜಗತ್ತಿಗೆಲ್ಲಾ ಹರಡೂ ರೋಗನ ದೇಶಗಳು ಕೂಡಿ ಎದುರಸೂ ಕರಾರು, ಪಾಸ್ ಆತು, ಹಿಂದಿನ ದಿನ ಕಮಿಟ್ಯಾಗ 124 ದೇಶ ಹೂಂ ಅಂದ್ವು, 11 ಸುಮ್ನ ಕುಂತ್ವು, ಬ್ಯಾಡ ಅಂದದ್ದು ಒಂದೂ ಇಲ್ಲ. ಆದ್ರ ಹೊಸ ರೋಗದ ಸ್ಯಾಂಪಲ್ ಕೊಟ್ಟ ದೇಶಕ್ಕ ಲಸಿಕಿಯೊಳಗ ಪಾಲು ಹೆಂಗ ಅನ್ನೂ ಖರೇ ಜಗಳ ಆವಾಗ ಮುಂದಕ್ಕ ಹಾಕಿದ್ರು. ಬೀಜ ಬಡವರ ಹೊಲದ್ದು, ರಾಶಿ ಸಾವಕಾರನ ಕಣದಾಗ ಅನ್ನೂಹಂಗ ಆಗಬಾರದಲ್ಲ. ಇಷ್ಟೆಲ್ಲಾ ಪುಟದಾಗ ಬಾಗಲದಾಗ ನಿಂತು ನೀರು ಕೇಳೂದು ಹೆಂಗ ಅಂತ ಎಲ್ಲೂ ಬರದಿಲ್ಲ ಅವ್ವಾ.

2020ರ ನಿನ್ನ ಡೈರಿ ಟ್ರಂಕಿನ್ಯಾಗ ಐತಿ ಹೌದಲ್ಲ? ಅಪ್ಪಗ ಹೇಳು, ರದ್ದಿ ಜೋಡಿ ಕೊಡಬ್ಯಾಡ ಅಂತ, ದೀಪಾವಳಿಗೆ ಬಂದಾಗ ಇಬ್ಬರೂ ಕುಂತು ಓದೂಣು. ಖಡಕ್ ರೊಟ್ಟಿ ಎಲ್ಲಾ ಪುಡಿ ಆಗಿ ಬಂದಾವ, ಮುಂದಿನ ಸಲ ಸ್ಟೀಲ್ ಡಬ್ಬ್ಯಾಗ ಹಾಕಿ ಕಳಸು, ಗುರೆಳ್ಳ ಚಟ್ನಿ ಜಾಸ್ತಿ ಇರಲಿ.

ನಿನ್ನ ಮಗಳು